ಪ್ಯಾಚ್ ಹಿಡಿದಿದೆಯಾ, ಎಳೆದು ನೋಡಿ

ಸಂಪಾದಕರೇ,

ಮುಲುಂಡ್‌ನ ನಮ್ಮ ಸೊಸೈಟಿಯಲ್ಲಿ ಹೋದ ವರ್ಷ ರಿಪೇರಿಯಾದ ಬಾಲ್ಕನಿಯಿಂದ ಈ ಮಳೆಗೆ ಅಂಗೈಯಗಲದ ಪ್ಯಾಚ್, ಅಂದರೆ ರಿಪೇರಿಗೆ ಮೆತ್ತಿದ ತೇಪೆ, ಉದುರಿತು. ಎತ್ತಿ ನೋಡಿದರೆ ಹಿಂಬದಿ ನುಣ್ಣಗಿದೆ, ಹಳೇ ಕಾಂಕ್ರೀಟಿನ ಒಂದು ಚೂರೂ ಅಂಟಿಲ್ಲ. ಹಿಡಿದೇ ಇರಲಿಲ್ಲ ಅಂತ ಅಲ್ವಾ?

ಕಂಟ್ರಾಕ್ಟರ್ ಸುತ್ತಿಗೆಯಿಂದ ಟಕ್ ಟಕ್ ಬಡಿದು ‘ಪಾಸ್’ ಅಂದಿದ್ದರು. ಅದರಿಂದ ಪೊಳ್ಳು ಗೊತ್ತಾದೀತು, ಹಿಡಿತ ಎಷ್ಟು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪುಲ್-ಆಫ್ ಪರೀಕ್ಷೆ ಬೇಕು: ಪ್ಯಾಚ್ ದಾಟಿ ಹಳೇ ಕಾಂಕ್ರೀಟಿನೊಳಕ್ಕೆ ದುಂಡಗೆ ಕೊರೆದು, 50 ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಎಪಾಕ್ಸಿ ಅಂಟಿನಿಂದ ಅಂಟಿಸಿ ಎಳೆಯುತ್ತಾರೆ. ಹಳೇ ಕಾಂಕ್ರೀಟೇ ಕಿತ್ತು ಬಂದರೆ ಹಿಡಿತ ಗಟ್ಟಿ, ಎರಡೂ ಕೂಡುವಲ್ಲೇ ಕಡಿಮೆ ಎಳೆತಕ್ಕೆ ಬಿಟ್ಟರೆ ಕೆಲಸ ಕೆಟ್ಟಿದೆ. ಯುರೋಪಿನ ಮಾನದಂಡ ಆರ್4 ಎಂಬ ಅತಿ ಗಟ್ಟಿ ದರ್ಜೆಯ ರಿಪೇರಿ ಮಾರ್ಟರಿಗೆ (ತೇಪೆ ಹಾಕುವ ಗಾರೆಗೆ) 2 ಮೆಗಾಪಾಸ್ಕಲ್ ಹಿಡಿತ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಎಳೆತ ತಡೆಯುವ ಬಲ, ಕೇಳುತ್ತದೆ, ಆದರೆ ಅದು ಲ್ಯಾಬಿನ ಲೆಕ್ಕ. ಧೂಳು ತೆಗೆಯದೆ ಸುಮ್ನೆ ಮೆತ್ತಿದರೆ ಮಾರ್ಟರ್ ಚೀಲದ ಮೇಲಿನ ಅಂಕಿ ಏನು ಮಾಡೀತು? ಬಿಲ್ ಕೊಡುವ ಮುಂಚೆ ಮೂರು ಕಡೆಯಾದರೂ ಎಳೆಸಿ ನೋಡಿ.

– ಓದುಗ, ಮುಲುಂಡ್, ಮುಂಬೈ