ರೈಲ್ವೆ ಯಾರ್ಡಿನ ಬೆಂಕಿ: ತಡವಾಗುವುದು ಗೇಟಿನ ಒಳಗೆ

ಮಾನ್ಯ ಸಂಪಾದಕರೇ,

ರೈಲ್ವೆ ಯಾರ್ಡಿನಲ್ಲೋ ಎಂಜಿನ್ನುಗಳನ್ನು ನಿಲ್ಲಿಸುವ ಲೋಕೊ ಶೆಡ್ಡಿನಲ್ಲೋ ಬೆಂಕಿ ಬಿದ್ದಾಗಲೆಲ್ಲ ಕೇಳಿಬರುವ ದೂರು ಒಂದೇ: ಅಗ್ನಿಶಾಮಕ ವಾಹನ ತಡವಾಗಿ ಬಂತು. ಆದರೆ ವಾಹನ ಗೇಟು ದಾಟಿದ ಮೇಲೆ ಪೋಲಾಗುವ ಸಮಯದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮೇಲಿನ ತಂತಿಯಲ್ಲಿ ಕರೆಂಟ್ ಇದೆಯೇ, ಪಕ್ಕದ ಲೈನಿನಲ್ಲಿ ರೈಲು ಬರುತ್ತದೆಯೇ, ಉರಿಯುತ್ತಿರುವ ವ್ಯಾಗನ್ನಿನಲ್ಲಿ ಏನಿದೆ ಎಂದು ಖಚಿತವಾಗಿ ಹೇಳುವವರು ಸ್ಥಳದಲ್ಲಿ ಇಲ್ಲದಿದ್ದರೆ ಹತ್ತು ವಾಹನ ಬಂದು ನಿಂತರೂ ಅಷ್ಟೇ.

ಎಸಿ ವಿದ್ಯುದೀಕರಣವಾದ ಮಾರ್ಗಗಳಲ್ಲಿ ತಂತಿಯಲ್ಲಿರುವುದು ಸಾಮಾನ್ಯವಾಗಿ 25,000 ವೋಲ್ಟ್. ‘ಲೈನ್ ಆಫ್ ಆಗಿದೆ’ ಎಂದು ಯಾರೋ ಫೋನಿನಲ್ಲಿ ಹೇಳಿದರೆ ಸಾಲದು. ದೋಷ ಕಂಡು ಕರೆಂಟ್ ಕಡಿದ (ಟ್ರಿಪ್ ಆದ) ಬ್ರೇಕರ್ ತಾನಾಗಿಯೇ ಮತ್ತೆ ಕೂಡಿಕೊಳ್ಳಬಹುದು. ದೋಷ ಹುಡುಕಲೆಂದು ಕಂಟ್ರೋಲ್ ರೂಮಿನವರೇ ಮತ್ತೆ ಚಾರ್ಜ್ ಮಾಡಬಹುದು. ನಿಜಕ್ಕೂ ಆಫ್ ಆದ ತಂತಿಯಲ್ಲೂ ಪಕ್ಕದ ಜೀವಂತ ಲೈನಿನಿಂದ ಪ್ರೇರಿತವಾದ ವೋಲ್ಟೇಜ್ ಪ್ರಾಣ ತೆಗೆಯುವಷ್ಟು ಇರಬಹುದು. ಆದ್ದರಿಂದ ಯಾವ ಲೈನ್, ಎಷ್ಟು ಹೊತ್ತಿಗೆ ಆಫ್ ಆಯಿತು ಎಂಬುದನ್ನು ತಂತಿಯ ಕರೆಂಟ್ ನಿಯಂತ್ರಿಸುವ ರೈಲ್ವೆಯ ಪವರ್ ಕಂಟ್ರೋಲರ್ ಸಂದೇಶದ ಸಂಖ್ಯೆಯೊಂದಿಗೆ ತಿಳಿಸಬೇಕು. ಆಮೇಲೆ ತರಬೇತಾದ ರೈಲ್ವೆ ಸಿಬ್ಬಂದಿ ಕೆಲಸದ ಜಾಗದ ಎರಡೂ ಬದಿಗೆ, ತಂತಿಯ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ರಾಡ್ ಹಾಕಬೇಕು. ಮೊದಲು ಕೆಳಗಿನ ಕ್ಲಾಂಪ್, ಬಳಿಕ ತಂತಿಗೆ ಕೊಕ್ಕೆ. ತೆಗೆಯುವಾಗ ಮೊದಲು ಕೊಕ್ಕೆ. ಏಣಿ ಎತ್ತುವುದು, ನೀರಿನ ಜೆಟ್ ಬಿಡುವುದು ಇದಾದ ಮೇಲಿನ ಮಾತು. ತಂತಿಯಿಂದ ಕರೆಂಟ್ ಪಡೆಯುವ ಎಂಜಿನ್ನಿನ ಪ್ಯಾಂಟೊಗ್ರಾಫ್ ಇಳಿಸಿದ ಮಾತ್ರಕ್ಕೆ ಒಳಗೆ ಎಲ್ಲವೂ ಸತ್ತಿದೆ ಎಂದೂ ಅಲ್ಲ. ಬ್ಯಾಟರಿ, ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಇನ್ನು ನೀರು. 4,500 ಲೀಟರ್ ಟ್ಯಾಂಕಿನ ವಾಹನ ನಿಮಿಷಕ್ಕೆ 900 ಲೀಟರ್ ಹರಿಸಿದರೆ ಐದೇ ನಿಮಿಷದಲ್ಲಿ ಖಾಲಿ. ಹಾಗಾಗಿ ಹೋಸ್ ಜೋಡಿಸಿ ನೀರು ಪಡೆಯುವ ಹೈಡ್ರಂಟ್ ಬೇಕೇ ಬೇಕು. ಯಾರ್ಡುಗಳಲ್ಲಿ ಅದಿರುವುದು ಬಹುಮಟ್ಟಿಗೆ ರಸ್ತೆಯ ಕಡೆ. ಬೆಂಕಿ ಹತ್ತು ಲೈನ್ ಆಚೆ. ಹಳಿಯ ಮೇಲೆ ಹಾಯಿಸಿದ ಹೋಸನ್ನು ಒಂದೇ ಒಂದು ವ್ಯಾಗನ್ ಉರುಳಿದರೂ ಚಕ್ರ ಕತ್ತರಿಸಿ ಹಾಕುತ್ತದೆ. ಎರಡು ಸ್ಲೀಪರುಗಳ (ಹಳಿ ಹೊತ್ತ ಅಡ್ಡಪಟ್ಟಿಗಳ) ನಡುವಿನ ಜಲ್ಲಿ ಬಗೆದು, ಹಳಿಯ ಅಡಿಯಿಂದ ಹೋಸ್ ತೂರಿಸಬೇಕು. ಬಿಗಿಯಾಗಿ ಕೂತ ಜಲ್ಲಿಯನ್ನು ಕತ್ತಲಲ್ಲಿ ಹತ್ತು ಕಡೆ ಬಗೆಯುವುದು ಎಷ್ಟು ಹೊತ್ತಿನ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಹಳಿಗಳ ಅಡಿಯಲ್ಲಿ ಎರಡೂ ತುದಿಗೆ ಹೋಸ್ ಜೋಡಿಸುವ ಕಪ್ಲಿಂಗ್ ಇರುವ ಒಣ ಪೈಪನ್ನು ಮೊದಲೇ ಹೂತಿಟ್ಟರೆ ಈ ಪಾಡಿಲ್ಲ. ತಪಾಸಣೆಯ ಹಿಂದಿನ ದಿನ ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರುಗಳನ್ನು ಒರೆಸಿ ಹೊಳೆಯಿಸುವ ಉತ್ಸಾಹದಲ್ಲಿ ಸ್ವಲ್ಪ ಇತ್ತ ತಿರುಗಿದರೂ ಸಾಕು.

ಪೆಟ್ರೋಲ್, ಡೀಸೆಲ್ ಚೆಲ್ಲಿ ಉರಿಯುತ್ತಿದ್ದರೆ ಬೇಕಾದದ್ದು ನೊರೆ. 100 ಚದರ ಮೀಟರ್ ಹರವಿಗೆ, ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 4 ಲೀಟರಿನಂತೆ 15 ನಿಮಿಷ ಎಂದರೆ 6,000 ಲೀಟರ್ ದ್ರಾವಣ. ನೀರಿಗೆ ಬೆರೆಸುವ ನೊರೆ ಸಾಂದ್ರಕ ಶೇ 3ರ ಬಗೆಯದಾದರೆ ಅದು 180 ಲೀಟರ್ ಬೇಕು. ಅಷ್ಟು ದಾಸ್ತಾನು ಕೈಗೆ ಸಿಗುವ ಮುನ್ನವೇ ನೊರೆ ಹಾಕತೊಡಗಿದರೆ, ಅರ್ಧಕ್ಕೆ ನಿಂತು ಬೆಂಕಿ ಮತ್ತೆ ಹರಡುತ್ತದೆ, ಹಾಕಿದ್ದೂ ದಂಡ. ಎಥನಾಲ್ ಆದರೆ ಸಾಮಾನ್ಯ ನೊರೆ ಮುರಿದುಹೋಗುತ್ತದೆ. ಆಲ್ಕೋಹಾಲ್ ತಡೆಯುವ ಬಗೆಯದೇ ಆಗಬೇಕು.

ಒಳಗಿನ ಸರಕು ಏನೆಂದು ಹೇಳುವ, ವ್ಯಾಗನ್ನಿನ ಮೇಲಿನ ನಾಲ್ಕಂಕಿಯ ಯುಎನ್ (ವಿಶ್ವಸಂಸ್ಥೆ) ಸಂಖ್ಯೆಯನ್ನು ದೂರದಿಂದ ದುರ್ಬೀನಿನಲ್ಲಿ ಓದಬೇಕು: 1203 ಪೆಟ್ರೋಲ್, 1075 ಎಲ್‌ಪಿಜಿ, 1017 ಕ್ಲೋರಿನ್. ಯುರೋಪಿನ ವ್ಯಾಗನ್ನುಗಳ ಕಿತ್ತಳೆ ಫಲಕದಲ್ಲಿ ಮೇಲಿನ ಸಂಖ್ಯೆಯ ಮುಂದೆ ಎಕ್ಸ್ ಅಕ್ಷರವಿದ್ದರೆ ಆ ಸರಕು ನೀರು ತಾಗಿದರೆ ಅಪಾಯ. ಗ್ಯಾಸ್ ಟ್ಯಾಂಕಿನ ವಿಚಾರದಲ್ಲಿ ಧೈರ್ಯ ಕೆಲಸಕ್ಕೆ ಬಾರದು. ಒಳಗೆ ದ್ರವವಿಲ್ಲದ ಮೇಲ್ಭಾಗಕ್ಕೆ ಜ್ವಾಲೆ ತಾಗಿದರೆ ಅಲ್ಲಿನ ಉಕ್ಕು ಬೇಗನೆ ಮೆತ್ತಗಾಗುತ್ತದೆ. ಸುರಕ್ಷತಾ ವಾಲ್ವ್ ತೆರೆದಿದ್ದರೂ ಟ್ಯಾಂಕ್ ಸಿಡಿಯಬಹುದು. 1973ರಲ್ಲಿ ಅಮೆರಿಕದ ಅರಿಜೋನಾದ ಕಿಂಗ್‌ಮನ್‌ನಲ್ಲಿ ಪ್ರೊಪೇನ್ ವ್ಯಾಗನ್ ಹೀಗೆ ಸಿಡಿದು 11 ಮಂದಿ ಅಗ್ನಿಶಾಮಕರು ಸತ್ತರು. ಜ್ವಾಲೆ ತಾಗುವ ಒಂದೊಂದು ಜಾಗಕ್ಕೂ ನಿಮಿಷಕ್ಕೆ ಸುಮಾರು 1,900 ಲೀಟರ್ ನೀರನ್ನು ಎಡೆಬಿಡದೆ ಕೊಡಲಾಗದಿದ್ದರೆ, ಎಲ್ಲರನ್ನೂ 1,600 ಮೀಟರ್ ದೂರ ಕಳಿಸಿ ಹಿಂದೆ ಸರಿಯುವುದೇ ಸರಿ.

ಬೆಂಕಿ ಸಲೀಸಾಗಿ ಆರಿದ ಕಡೆಯೂ ಅನಾಹುತವಾಗಿದೆ. 2013ರ ಜುಲೈಯಲ್ಲಿ ಕೆನಡಾದ ಲ್ಯಾಕ್-ಮೆಗಾಂಟಿಕ್ ಬಳಿ ಇಳಿಜಾರಿನಲ್ಲಿ ನಿಲ್ಲಿಸಿದ್ದ, 72 ಕಚ್ಚಾತೈಲ ಟ್ಯಾಂಕರುಗಳ ರೈಲಿನ ಎಂಜಿನ್ನಿಗೆ ಬೆಂಕಿ ಬಿತ್ತು. ಅಗ್ನಿಶಾಮಕರು ಇಂಧನ ನಿಲ್ಲಿಸಿ, ಬ್ರೇಕರ್ ಆಫ್ ಮಾಡಿ, ಬೆಂಕಿ ಆರಿಸಿದರು. ಅಲ್ಲಿಗೆ ಬಂದಿದ್ದ ರೈಲ್ವೆ ನೌಕರ ಹಳಿ ವಿಭಾಗದವ, ಎಂಜಿನ್ ಬಲ್ಲವನಲ್ಲ. ಎಂಜಿನ್ ನಿಂತದ್ದರಿಂದ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಂತಿತು, ಗಾಳಿ ಸೋರುತ್ತಾ ಏರ್ ಬ್ರೇಕ್ ಸಡಿಲವಾಯಿತು. ಹಾಕಿದ್ದ ಹ್ಯಾಂಡ್ ಬ್ರೇಕ್ 7. ಬೇಕಿದ್ದದ್ದು ಕನಿಷ್ಠ 17 ಎಂದು ತನಿಖೆ ಹೇಳಿತು. ರೈಲು ತಾನಾಗಿಯೇ 11 ಕಿ.ಮೀ.ಗೂ ಹೆಚ್ಚು ಉರುಳಿ ಊರ ನಡುವೆ ಹಳಿ ತಪ್ಪಿತು. 47 ಜನ ಸತ್ತರು.

ಹಾಗಾಗಿ ನಮ್ಮ ಬೇಡಿಕೆ ಹೊಸ ವಾಹನದ್ದಲ್ಲ. ಕರೆ ಬಂದ ಕೂಡಲೇ ಎಂಜಿನ್, ಬ್ರೇಕ್ ಬಲ್ಲ ಒಬ್ಬರು ಗೇಟಿನಲ್ಲಿ ಕಾದಿರಬೇಕು. ವ್ಯಾಗನ್ ಪಟ್ಟಿ, ಹೈಡ್ರಂಟ್ ನಕ್ಷೆ, ಪವರ್ ಕಂಟ್ರೋಲಿನ ನೇರ ಸಂಖ್ಯೆ ಅವರ ಕೈಯಲ್ಲಿರಬೇಕು. ಎಂಜಿನ್ ಆಫ್ ಮಾಡುವ ಮುನ್ನ ಹ್ಯಾಂಡ್ ಬ್ರೇಕ್ ಎಣಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಬೇಕು. ಅಗ್ನಿಶಾಮಕ ದಳ ಮತ್ತು ರೈಲ್ವೆ ಸೇರಿ ವರ್ಷಕ್ಕೊಮ್ಮೆಯಾದರೂ ರಾತ್ರಿ ಹೊತ್ತು ಕವಾಯತು ನಡೆಸಿ, ಗೇಟು ದಾಟಿದ ಕ್ಷಣದಿಂದ ಮೊದಲ ನೀರು ಬೀಳುವವರೆಗಿನ ನಿಮಿಷಗಳನ್ನು ಬರೆದಿಟ್ಟು ಪ್ರಕಟಿಸಲಿ.

ಇಂತಿ,
ಅಗ್ನಿ ಸುರಕ್ಷತಾ ತರಬೇತುದಾರರು