ರೆಸ್ಯೂಮ್ ಕಳಿಸುವ ಮುಂಚೆ ಇದನ್ನು ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬೆಂಗಳೂರು, ಹೈದರಾಬಾದ್ ಕಂಪನಿಗಳಿಗೆ ಅರ್ಜಿ ಹಾಕುತ್ತಿರುವವರು ಒಂದ್ಸಲ ಗಮನಿಸಿ.

ಹೊಸಬರಿಗೆ ಒಂದೇ ಪುಟ ಸಾಕು. ಜಾತಿ, ತಂದೆಯ ಉದ್ಯೋಗ, ಆಧಾರ್ ನಂಬರ್ ಯಾವುದೂ ಬೇಡ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗಾಗಿ ಕೊಡುವ 371(ಜೆ) ಪ್ರಮಾಣಪತ್ರ ಬೇಕಾಗುವುದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಕಂಪನಿಯ ರೆಸ್ಯೂಮ್‌ನಲ್ಲಿ ಅದನ್ನು ಬರೆಯಬೇಕಿಲ್ಲ.

ಜಾಸ್ತಿ ಹೊತ್ತು ಕೊಡಬೇಕಾದ್ದು ಮಾಡಿದ ಕೆಲಸಕ್ಕೆ. 'ದಾಲ್ ಮಿಲ್‌ನಲ್ಲಿ ಲೆಕ್ಕದ ಕೆಲಸ' ಅಂತ ಸುಮ್ನೆ ಬರೆದರೆ ಓದುವವರಿಗೆ ಏನೂ ತಿಳಿಯಲ್ಲ. 'ತೊಗರಿ ಲಾರಿಗಳ ತೂಕದ ಚೀಟಿ ನೋಡಿ ಟ್ಯಾಲಿಯಲ್ಲಿ ಎಂಟ್ರಿ ಮಾಡುತ್ತಿದ್ದೆ, ತಿಂಗಳ ಜಿಎಸ್‌ಟಿ ಲೆಕ್ಕ ಸಿದ್ಧ ಮಾಡುತ್ತಿದ್ದೆ' ಅಂತ ಬರೆಯಿರಿ. ನಮ್ಮ ಹುಡುಗ ಹುಡುಗಿಯರು ಇಂಥದ್ದನ್ನು ಸಣ್ಣ ಕೆಲಸ ಅಂತ ಬಿಟ್ಟೇ ಬಿಡ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತೆ. ಕನ್ನಡದ ಜೊತೆ ಉರ್ದು, ತೆಲುಗು, ಮರಾಠಿ ಬರುತ್ತಾ? ಅದನ್ನೂ ಹಾಕಿ. ಜನರ ಜೊತೆ ಮಾತಾಡುವ ಕೆಲಸಕ್ಕೆ ಅದು ದೊಡ್ಡ ಬಲ ಅಲ್ವಾ?

ಫೈಲ್ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮದೇ ಹೆಸರಿರಲಿ. ಕೆಲಸ ಕೊಡಿಸಲು ಮೊದಲು ದುಡ್ಡು ಕಟ್ಟಿ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರೆಸ್ಯೂಮ್ ಗುಂಪಿನಲ್ಲಿ ಹಾಕಬೇಡಿ, ನಿಮ್ಮ ವಿವರ ಎಲ್ಲರ ಕೈಗೂ ಹೋಗುತ್ತೆ. ನನಗೆ ಪ್ರತ್ಯೇಕವಾಗಿ ಕಳಿಸಿ, ನೋಡಿ ತಿದ್ದಿ ಕೊಡುತ್ತೇನೆ.