ಹತ್ತಿದವರನ್ನಷ್ಟೇ ಎಣಿಸ್ಬೇಡಿ: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಯೂನಿವರ್ಸಿಟಿ ಕ್ಯಾಂಪಸ್‌ಗೆ ಎಷ್ಟು ಬಸ್ ಬೇಕು ಅನ್ನೋದನ್ನ ಈಗ ಓಡ್ತಿರೋ ಬಸ್ಸಿನ ಟಿಕೆಟ್, ಪಾಸ್ ಲೆಕ್ಕ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ ಸರ್. ರಶ್ ನೋಡಿ ನಡ್ಕೊಂಡೇ ಹೋದವ್ರು, ರಾತ್ರಿ ವಾಪಸ್ ಹೋಗೋಕೆ ಬಸ್ಸಿಲ್ಲ ಅಂತ ಸಂಜೆ ಲ್ಯಾಬ್ ಇರೋ ಕೋರ್ಸನ್ನೇ ಬಿಟ್ಟವ್ರು, ಇವರ್ಯಾರೂ ಆ ಲೆಕ್ಕದಲ್ಲಿ ಸಿಗಲ್ಲ.

ಎಷ್ಟು ಟ್ರಿಪ್ ಹುಟ್ಟುತ್ತೆ, ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ದಾರೀಲಿ ಅಂತ ನೋಡಿ ಊರಿನ ಓಡಾಟ ಅಂದಾಜು ಮಾಡೋ ನಾಲ್ಕು ಹಂತದ ಮಾಡೆಲ್ 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೋ ಊರುಗಳ ಸಾರಿಗೆ ಸ್ಟಡಿಗಳಲ್ಲಿ ಬೆಳೆದಿದ್ದು. ಅದಕ್ಕೆ ಮನೆಮನೆ ಸರ್ವೆನೇ ಆಧಾರ, ಹಾಸ್ಟೆಲ್‌ನಲ್ಲಿರೋರು ಅದ್ರಲ್ಲಿ ಸುಲಭಕ್ಕೆ ಬಿಟ್ಟುಹೋಗ್ತಾರೆ. ಬೆಳಗ್ಗೆ ಆಫೀಸಿಗೆ ಸಂಜೆ ಮನೆಗೆ ಅನ್ನೋ ಎರಡು ಪೀಕ್ ಕೂಡ ಸ್ಟೂಡೆಂಟ್ಸ್‌ಗೆ ಸರಿಯಾಗಿ ಕೂರಲ್ಲ. ಒಂಬತ್ತಕ್ಕೊಂದು ಕ್ಲಾಸ್, ನಾಲ್ಕಕ್ಕೆ ಇನ್ನೊಂದು ಇದ್ರೆ ರೂಮು ಹತ್ರ ಇರೋನು ಮಧ್ಯ ಹೋಗಿ ಬರ್ತಾನೆ, ನಾಲ್ಕು ಟ್ರಿಪ್ ಆಯ್ತು, ದೂರ ಇರೋನು ಲೈಬ್ರರೀಲೇ ಕೂತ್ಕೋತಾನೆ, ಎರಡೇ, ಅಂದ್ರೆ ಟೈಮ್‌ಟೇಬಲ್ ಒಂದೇ ಆದ್ರೂ ಓಡಾಟ ಬೇರೆ, ತಲೆಗೆ ಇಷ್ಟು ಅಂತ ಆವರೇಜ್ ಹಾಕಿದ್ರೆ ಇಬ್ಬರದ್ದೂ ತಪ್ಪಾಗುತ್ತೆ.

ಆದ್ರೆ ಬೇರೆಲ್ಲೂ ಸಿಗದ ಒಂದು ಡೇಟಾ ಕ್ಯಾಂಪಸ್‌ನಲ್ಲಿದೆ. ಯಾವ ಕ್ಲಾಸಿಗೆ ಎಷ್ಟು ಜನ ಸೇರಿದ್ದಾರೆ, ಯಾವ ಬಿಲ್ಡಿಂಗು, ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಬಿಡ್ತಾರೆ, ಎಲ್ಲಾ ಆಫೀಸಲ್ಲೇ ಇರುತ್ತೆ, ಕನ್ಸಲ್ಟೆಂಟ್ ಕರೆಸೋಕೆ ಮುಂಚೆ ಅದನ್ನ ತರಿಸ್ಕೊಂಡು ನೋಡಿ. ಸೇರಿದವರೆಲ್ಲ ಕ್ಲಾಸಿಗೆ ಬರ್ತಾರೆ ಅಂತೇನಿಲ್ಲ, ಹಾಗಾಗಿ ಒಂದಷ್ಟು ಕ್ಲಾಸಲ್ಲಿ ತಲೆ ಎಣಿಸಿ ತಾಳೆ ನೋಡ್ಬೇಕು. ಸೆಮಿಸ್ಟರ್ ಶುರುವಿನ ವಾರ, ಎಕ್ಸಾಮ್ ವಾರ ಎರಡನ್ನೂ ಮಾಮೂಲಿ ವಾರದ ಜೊತೆ ಸೇರಿಸ್ಬಾರ್ದು.

ಸರ್ವೆ ಆಮೇಲೆ. "ಸಾಮಾನ್ಯವಾಗಿ ಹೇಗೆ ಬರ್ತೀರಿ" ಅಂತ ಕೇಳ್ಬೇಡಿ, ನಿನ್ನೆ ಎಲ್ಲೆಲ್ಲಿಗೆ, ಎಷ್ಟೊತ್ತಿಗೆ, ಹೇಗೆ ಹೋದ್ರಿ ಅಂತ ಕೇಳಿ. ಬರೀ ಲಿಂಕ್ ಕಳ್ಸಿದ್ರೆ ಬಸ್ ಮೇಲೆ ಸಿಟ್ಟಿರೋರೇ ಜಾಸ್ತಿ ತುಂಬ್ತಾರೆ, ಅದಕ್ಕೇ ಯಾವ ವರ್ಷದೋರು, ಹಾಸ್ಟೆಲ್ಲೋ ಹೊರಗಡೆಯೋ, ಹುಡುಗೀರೋ ಹುಡುಗ್ರೋ ಅನ್ನೋದನ್ನ ಕ್ಯಾಂಪಸ್ಸಿನ ಒಟ್ಟು ಸಂಖ್ಯೆ ಜೊತೆ ಹೋಲಿಸಿ ವೆಯ್ಟ್ ಕೊಡ್ಬೇಕು, ಅಂದ್ರೆ ಕಮ್ಮಿ ಜನ ತುಂಬಿದ ಗುಂಪಿನ ಉತ್ತರಕ್ಕೆ ಲೆಕ್ಕದಲ್ಲಿ ಜಾಸ್ತಿ ತೂಕ, ಜಾಸ್ತಿ ತುಂಬಿದ ಗುಂಪಿಗೆ ಕಮ್ಮಿ. "ಹತ್ತು ನಿಮಿಷಕ್ಕೊಂದು ಬಸ್ ಬಂದ್ರೆ ಹತ್ತೀರಾ" ಅಂತ ಕೇಳಿದ್ರೆ ಹೂಂ ಅನ್ನೋರು ಜಾಸ್ತಿ, ನಿಜವಾಗ್ಲೂ ಹತ್ತೋರು ಕಮ್ಮಿ, ಆ ಉತ್ತರವನ್ನ ಹಾಗೇ ನಂಬಿ ಬಸ್ ಕೊಂಡ್ಕೋಬೇಡಿ.

ಟೆಂಡರ್ ಕರೆಯೋಕೆ ಮುಂಚೆ ಲೆಕ್ಕ ಹೇಗೆ ಹಾಕಿದ್ರಿ ಅನ್ನೋದನ್ನ, ಯಾರ ಹೆಸ್ರೂ ಇಲ್ಲದ ಡೇಟಾ ಸಮೇತ ಹೊರಗೆ ಹಾಕಿಸಿ. ನೋಡಿ ತಪ್ಪು ಹುಡುಕಿಕೊಡೋ ಸ್ಟೂಡೆಂಟ್ಸ್ ಅದೇ ಕ್ಯಾಂಪಸ್‌ನಲ್ಲಿದ್ದಾರೆ, ದುಡ್ಡೂ ಕೇಳಲ್ಲ.

ಇಂತಿ,
ಒಬ್ಬ ವಿದ್ಯಾರ್ಥಿ